ಸಿಕ್ಕದ ವಾಲ್ವಿಗೆ ಬದಲಿ



ಅನೇಕರ ಮನೆಗಳಲ್ಲಿ ಅಜ್ಜನವರ ಕಾಲದ ರೇಡಿಯೋ ಪೆಟ್ಟಿಗೆಯೊಂದು ಉಂಟು. ಅದರ ಮರದ ಮೈಗೆ ಇನ್ನೂ ಕುಂದಿಲ್ಲ. ಮುಖದ ಗಾಜಿನ ಮೇಲೆ ಬರೆದ ಊರುಗಳ ಹೆಸರೂ ಅಳಿಸಿಲ್ಲ. ಮಾತು ಮಾತ್ರ ನಿಂತಿದೆ. ದುರಸ್ತಿ ಮಾಡುವವರಲ್ಲಿಗೆ ಕೊಂಡೊಯ್ದರೆ, 'ವಾಲ್ವು ಹೋಗಿದೆ, ಈಗ ಅದು ಸಿಕ್ಕುವುದಿಲ್ಲ' ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಆಸೆಯನ್ನು ಬಿಟ್ಟು ಪೆಟ್ಟಿಗೆಯನ್ನು ಗುಜರಿಗೆ ಹಾಕುವವರು ಕೆಲವರು; ಒಳಗಿನದನ್ನೆಲ್ಲ ಕಿತ್ತು ಹೊಸ ಯಂತ್ರವನ್ನು ಕೂರಿಸುವವರು ಕೆಲವರು. ಇವೆರಡೂ ಅಲ್ಲದ ಮೂರನೆಯ ದಾರಿಯೊಂದಿದೆ. ತಕ್ಕ ಬದಲಿ ವಾಲ್ವನ್ನು ಆರಿಸುವುದೇ ಆ ದಾರಿ. ಅದರ ಕ್ರಮವನ್ನು ನಾವು ಈ ಹೊತ್ತು ವಿಚಾರ ಮಾಡೋಣ.

ವಾಲ್ವಿನ ಅಭಾವವು ಹೊಸದೇನೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಏಪ್ರಿಲ್ ತಿಂಗಳಲ್ಲಿ, ಅಮೆರಿಕಾ ದೇಶದಲ್ಲಿ ಜನರ ಬಳಕೆಯ ರೇಡಿಯೋಗಳ ತಯಾರಿಕೆಯನ್ನೇ ನಿಲ್ಲಿಸಲಾಯಿತು. ಇರುವ ಪೆಟ್ಟಿಗೆಗಳನ್ನು ಇರುವ ವಾಲ್ವುಗಳಿಂದಲೇ ನಡೆಸಬೇಕಾದ ಕಾಲ ಅದು. ಬದಲಿ ಹುಡುಕುವ ವಿದ್ಯೆ ಆಗ ಚೆನ್ನಾಗಿ ಬೆಳೆಯಿತು. 1947ರಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಕ್ರಮೇಣ ವಾಲ್ವಿನ ಸ್ಥಾನವನ್ನು ಅದು ಆಕ್ರಮಿಸಿತು. ನಮ್ಮ ಬೆಂಗಳೂರಿನಲ್ಲಿಯೇ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿತ್ತು. ಆ ತಯಾರಿಕೆಯೂ ನಿಂತು ಬಹುಕಾಲವಾಯಿತು. ಸಂಗೀತದ ಆಂಪ್ಲಿಫೈಯರುಗಳಿಗೆ ಬೇಕಾದ ಕೆಲವು ಜಾತಿಗಳನ್ನು ಮಾತ್ರ ಈಗಲೂ ಹೊರದೇಶಗಳಲ್ಲಿ ಮಾಡುತ್ತಾರೆ. ಮಿಕ್ಕವು ಹಳೆಯ ದಾಸ್ತಾನಿನಿಂದಲೇ ಬರಬೇಕು.

ಬದಲಿಯನ್ನು ಹುಡುಕುವ ಮೊದಲು, ತಪ್ಪು ವಾಲ್ವಿನದೇ ಎಂಬುದನ್ನು ನಿಶ್ಚಯ ಮಾಡಿಕೊಳ್ಳಬೇಕು. ಧ್ವನಿಯನ್ನು ಹೊರಕ್ಕೆ ಕೊಡುವ ಕೊನೆಯ ವಾಲ್ವಿನ ಗ್ರಿಡ್ಡಿಗೂ ಅದರ ಹಿಂದಿನ ವಾಲ್ವಿನ ಪ್ಲೇಟಿಗೂ ನಡುವೆ ಒಂದು ಕಾಗದದ ಕಂಡೆನ್ಸರು ಇರುತ್ತದೆ. ಹಳೆಯದಾದಂತೆ ಅದು ಸೋರತೊಡಗುತ್ತದೆ. ಆಗ ಋಣವಾಗಿರಬೇಕಾದ ಗ್ರಿಡ್ಡು ಧನವಾಗಿ, ವಾಲ್ವಿನಲ್ಲಿ ಮಿತಿಮೀರಿದ ವಿದ್ಯುತ್ತು ಹರಿದು ಅದು ಸುಟ್ಟುಹೋಗುತ್ತದೆ. ಆ ಕಂಡೆನ್ಸರನ್ನು ಬದಲಿಸದೆ ಎಷ್ಟು ಅಪೂರ್ವವಾದ ವಾಲ್ವನ್ನು ತಂದು ಹಾಕಿದರೂ ಅದಕ್ಕೂ ಅದೇ ಗತಿ. ರೋಗಕ್ಕೆ ಮದ್ದು ಮಾಡದೆ ರೋಗಿಯನ್ನೇ ಬದಲಿಸಿದಂತಾಯಿತು!

ಇನ್ನು ಬದಲಿಯ ವಿಷಯ. ಬದಲಿಗಳಲ್ಲಿ ಮೂರು ವರ್ಗಗಳುಂಟು.

ಮೊದಲನೆಯದು, ಹೆಸರು ಬೇರೆ, ವಸ್ತು ಒಂದೇ. ಅಮೆರಿಕದವರು 12ಎಎಕ್ಸ್7 ಎನ್ನುವುದನ್ನು ಯೂರೋಪಿನವರು ಇಸಿಸಿ83 ಎನ್ನುತ್ತಾರೆ. 6ಬಿಕ್ಯೂ5 ಎಂಬುದೇ ಇಎಲ್84. 6ಎಕ್ಸ್4 ಎಂಬುದೇ ಇಝಡ್90. ಬ್ಯಾಟರಿ ರೇಡಿಯೋಗಳ 1ಟಿ4 ಎಂಬುದೇ ಡಿಎಫ್91. ಒಂದು ಹೆಸರಿನಲ್ಲಿ ಸಿಕ್ಕದ್ದು ಇನ್ನೊಂದು ಹೆಸರಿನಲ್ಲಿ ಅಂಗಡಿಯ ಮೂಲೆಯಲ್ಲಿಯೇ ಬಿದ್ದಿರಬಹುದು.

ಎರಡನೆಯದು, ವಸ್ತು ಒಂದೇ, ಪೀಠ ಬೇರೆ. ಹಳೆಯ ನಾಲ್ಕು ಕಾಲಿನ 80 ಎಂಬ ರೆಕ್ಟಿಫೈಯರು ವಾಲ್ವಿಗೂ ಆಕ್ಟಲ್ ಪೀಠದ 5ವೈ3ಕ್ಕೂ ಗುಣದಲ್ಲಿ ಭೇದವಿಲ್ಲ. ಎರಡಕ್ಕೂ ಬೇಕಾದುದು 5 ವೋಲ್ಟು, 2 ಆಂಪಿಯರು. ಸತ್ತ 80ರ ಪೀಠವನ್ನು ಬಿಡಿಸಿ, ಅದರ ಮೇಲೆ ಆಕ್ಟಲ್ ಸಾಕೆಟ್ಟನ್ನು ಕೂರಿಸಿ, ಆಯಾ ಕಾಲಿಗೆ ಆಯಾ ತಂತಿಯನ್ನು ಬೆಸೆದರೆ, ರೇಡಿಯೋವಿನ ಒಂದು ತಂತಿಯನ್ನೂ ಮುಟ್ಟದೆ ಕೆಲಸವಾಗುತ್ತದೆ.

ಮೂರನೆಯದು, ಹತ್ತಿರದ ನಂಟರು. ಎಚ್ಚರಿಕೆ ಬೇಕಾದುದು ಇಲ್ಲಿಯೇ. 6ವಿ6, 6ಕೆ6, 6ಎಫ್6 ಈ ಮೂರೂ ಧ್ವನಿ ಕೊಡುವ ವಾಲ್ವುಗಳು. ಕಾಲುಗಳ ಜೋಡಣೆಯೂ ಒಂದೇ. ಆದರೆ 6.3 ವೋಲ್ಟಿನಲ್ಲಿ 6ವಿ6ರ ಕಾವುತಂತಿಗೆ 0.45 ಆಂಪಿಯರು ಸಾಕು, 6ಎಫ್6ಕ್ಕೆ 0.7 ಬೇಕು, 6ಎಲ್6 ಎಂಬ ದೊಡ್ಡಣ್ಣನಿಗಂತೂ 0.9. ಸಾಕೆಟ್ಟಿನಲ್ಲಿ ಸರಾಗವಾಗಿ ಕುಳಿತಿತೆಂದು ದೊಡ್ಡದನ್ನು ಹಾಕಿದರೆ, ಟ್ರಾನ್ಸ್‌ಫಾರ್ಮರು ಅನವಶ್ಯಕವಾದ ಹೊರೆಯನ್ನು ಹೊತ್ತು ಕಾದು, ಒಂದು ದಿನ ಸುಟ್ಟೀತು. ವಾಲ್ವಿಗಾದರೋ ಬದಲಿ ದೊರೆಯಬಹುದು. ಆ ಟ್ರಾನ್ಸ್‌ಫಾರ್ಮರಿಗೆ ದೊರೆಯುವುದು ಇನ್ನೂ ಕಷ್ಟ. 6ಕೆ6ಕ್ಕೆ 0.4 ಆಂಪಿಯರು ಮಾತ್ರ ಬೇಕಾದುದರಿಂದ ಆ ಭಯವಿಲ್ಲ. ಆದರೆ 250 ವೋಲ್ಟಿನಲ್ಲಿ 6ವಿ6ರ ಗ್ರಿಡ್ಡಿಗೆ 12.5 ವೋಲ್ಟು ಋಣವಿದ್ದರೆ ಸಾಕು, 6ಕೆ6ಕ್ಕೆ 18 ಬೇಕು. ಆದುದರಿಂದ ಕ್ಯಾಥೋಡಿನ ರೋಧಕವನ್ನು ಸುಮಾರು 250 ಓಮಿನಿಂದ 480 ಓಮಿನಷ್ಟಕ್ಕೆ ಏರಿಸಬೇಕು. ಧ್ವನಿ ತುಸು ತಗ್ಗುತ್ತದೆ; ಮನೆಯ ನಡುಮನೆಗೆ ಅದು ಸಾಲದೆ ಹೋಗುವುದಿಲ್ಲ.

ಟ್ರಾನ್ಸ್‌ಫಾರ್ಮರೇ ಇಲ್ಲದ, ಏಸಿ ಡೀಸಿ ಎರಡಕ್ಕೂ ಒಗ್ಗುವ ರೇಡಿಯೋಗಳಲ್ಲಿ ಲೆಕ್ಕವೇ ಬೇರೆ. ಅಲ್ಲಿ ಕಾವುತಂತಿಗಳೆಲ್ಲ ಹೂಮಾಲೆಯಂತೆ ಒಂದರ ಹಿಂದೊಂದು ಸೇರಿರುತ್ತವೆ. ಎಲ್ಲದರಲ್ಲಿಯೂ ಹರಿಯುವುದು ಒಂದೇ ವಿದ್ಯುತ್ತು. 12ಎಸ್‌ಕೆ7 ಮತ್ತು 6ಎಸ್‌ಕೆ7 ಎಲ್ಲ ಗುಣಗಳಲ್ಲಿಯೂ ಅವಳಿಗಳು; ಆದರೆ ಮೊದಲನೆಯದಕ್ಕೆ 12.6 ವೋಲ್ಟು, 0.15 ಆಂಪಿಯರು, ಎರಡನೆಯದಕ್ಕೆ 6.3 ವೋಲ್ಟು, 0.3 ಆಂಪಿಯರು. 0.15ರ ಮಾಲೆಯಲ್ಲಿ 6ಎಸ್‌ಕೆ7ನ್ನು ಸೇರಿಸಿದರೆ ಅದು ಸರಿಯಾಗಿ ಕಾಯುವುದೇ ಇಲ್ಲ. ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಯಲ್ಲಿ ಮೊದಲು ನೋಡತಕ್ಕದ್ದು ವೋಲ್ಟನ್ನು. ಮಾಲೆಯಲ್ಲಿ ಮೊದಲು ನೋಡತಕ್ಕದ್ದು ಆಂಪಿಯರನ್ನು.

ರೆಕ್ಟಿಫೈಯರು ವಾಲ್ವಿನ ಬದಲು 1ಎನ್4007ರಂತಹ ಸಿಲಿಕಾನ್ ಡಯೋಡುಗಳನ್ನು ಹಾಕುವ ರೂಢಿ ಈಗ ಉಂಟು. ಅಗ್ಗವೇನೋ ನಿಜ. ಆದರೆ ವಾಲ್ವು ತನ್ನಲ್ಲಿಯೇ ನುಂಗಿಕೊಳ್ಳುತ್ತಿದ್ದ ವೋಲ್ಟು ಉಳಿದು, ಮುಂದಿನ ಭಾಗಗಳಿಗೆಲ್ಲ ಒತ್ತಡ ಏರುತ್ತದೆ. ಅದೂ ಇತರ ವಾಲ್ವುಗಳು ಕಾಯುವ ಮೊದಲೇ, ಗುಂಡಿ ಒತ್ತಿದ ಕ್ಷಣದಲ್ಲಿ. ಹಳೆಯ ಕಂಡೆನ್ಸರುಗಳು ಅದನ್ನು ತಾಳಲಾರವು. ತಕ್ಕ ರೋಧಕವೊಂದನ್ನು ಸಾಲಿನಲ್ಲಿ ಸೇರಿಸಿ, ವೋಲ್ಟನ್ನು ಅಳೆದು ಮೊದಲಿನ ಮಟ್ಟಕ್ಕೆ ತರಬೇಕು.

ಪ್ರಾಣಕ್ಕೆ ಸಂಬಂಧಿಸಿದ ಒಂದು ಮಾತು. ಟ್ರಾನ್ಸ್‌ಫಾರ್ಮರಿಲ್ಲದ ರೇಡಿಯೋಗಳಲ್ಲಿ ಒಳಗಿನ ಲೋಹದ ಚೌಕಟ್ಟೇ ಮನೆಯ 230 ವೋಲ್ಟಿನ ತಂತಿಗೆ ಅಂಟಿಕೊಂಡಿರಬಹುದು. ಬೇರೆ ಪೆಟ್ಟಿಗೆಗಳಲ್ಲಿಯೂ, ಪ್ಲಗ್ಗನ್ನು ಕಿತ್ತಮೇಲೂ, ಕಂಡೆನ್ಸರುಗಳಲ್ಲಿ ವಿದ್ಯುತ್ತು ಕುಳಿತಿರುತ್ತದೆ. ಅದನ್ನು ರೋಧಕದ ಮೂಲಕ ಬರಿದುಮಾಡಿ, ಮೀಟರಿನಿಂದ ಪರೀಕ್ಷಿಸದೆ ಒಳಗೆ ಬೆರಳಿಡಕೂಡದು. ಈ ಕೆಲಸವನ್ನು ಅರಿಯದವರು ಅರಿತವರ ಕೈಗೆ ಕೊಡುವುದೇ ವಿವೇಕ.

ಒಟ್ಟಿನಲ್ಲಿ ನಾವು ಅನುಸರಿಸತಕ್ಕ ನಿಯಮ ಇಷ್ಟೆ: ಮಾಡಿದ ಮಾರ್ಪಾಟು ಮತ್ತೆ ಬಿಚ್ಚಿ ಮೊದಲಿನಂತೆ ಮಾಡಲು ಬರುವಂತಿರಬೇಕು. ಒಂದು ರೇಡಿಯೋವಿಗಾಗಿ ಇನ್ನೊಂದು ಬದುಕಿರುವ ರೇಡಿಯೋವನ್ನು ಕೊಲ್ಲಬಾರದು. ಮತ್ತು ಯಾವ ವಾಲ್ವಿನ ಬದಲು ಯಾವುದನ್ನು ಹಾಕಿದೆವು, ಯಾವ ರೋಧಕವನ್ನು ಎಷ್ಟಕ್ಕೆ ಬದಲಿಸಿದೆವು, ಯಾವ ದಿನ, ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಮೈಗೆ ಅಂಟಿಸಬೇಕು. ಮುಂದೊಂದು ದಿನ ಅಸಲು ವಾಲ್ವು ಸಿಕ್ಕೀತು. ಅಂದು ಆ ಪೆಟ್ಟಿಗೆಯನ್ನು ತೆರೆಯುವವರು ನಾವಾಗಿರಲಾರೆವು. ಅವರಿಗೆ ಆ ಚೀಟಿಯೇ ದಾರಿ ತೋರಿಸಬೇಕು.