ಎರಡು ಪಿನ್ ಕೂತರೆ ಸಾಕಾ? ಎಆರ್-15 ಅಪ್ಪರ್ ಬದಲಿಸೋ ಮಾತು

ಹಿಂದಿನ ಮಾತಿನಲ್ಲಿ ಮಾಡ್ಯುಲರ್ ಡಿಸೈನ್ ಬಗ್ಗೆ ಹೇಳಿದ್ದೆ. ಅದನ್ನು ಕೇಳಿ ಟೆಕ್ಸಾಸಿನಲ್ಲಿರೋ ಗೆಳೆಯರೊಬ್ಬರು ಪ್ರಶ್ನೆ ಕಳಿಸಿದ್ರು: ಎಆರ್-15 ರೈಫಲ್‌ನ ಗ್ಯಾಸ್ ಅಪ್ಪರ್ ತೆಗೆದು ಪಿಸ್ಟನ್ ಅಪ್ಪರ್ ಹಾಕಿದ್ರೆ ನಡೆಯುತ್ತಾ? ನಾನು ಪುಣೆಯಲ್ಲಿ ಇಂಟಿಗ್ರೇಷನ್ ಟೆಸ್ಟಿಂಗ್ ಮಾಡೋನು, ನನ್ನ ಹತ್ರ ಬಂದೂಕಿಲ್ಲ. ಆದ್ರೆ ಪ್ರಶ್ನೆ ನಮ್ಮ ಕೆಲಸದ್ದೇ. ಕೂರೋದು ಬೇರೆ, ಕೆಲಸ ಮಾಡೋದು ಬೇರೆ.

ಈ ರೈಫಲ್ 1950ರ ದಶಕದಲ್ಲಿ ಆರ್ಮಲೈಟ್ ಕಂಪನಿಯಲ್ಲಿ ಯೂಜೀನ್ ಸ್ಟೋನರ್ ಮತ್ತವರ ತಂಡ ರೂಪಿಸಿದ್ದು. 1959ರಲ್ಲಿ ಹಕ್ಕು ಕೋಲ್ಟ್ ಕಂಪನಿಗೆ ಹೋಯ್ತು. ಇದಕ್ಕೆ ಎರಡು ಭಾಗ. ಕೆಳಗಿನ ಲೋವರ್‌ನಲ್ಲಿ ಟ್ರಿಗರ್, ಮ್ಯಾಗಜೀನ್ ಜಾಗ, ಹಿಂದುಗಡೆ ಕೊಳವೆಯೊಳಗೆ ಬಫರ್ ಮತ್ತು ಸ್ಪ್ರಿಂಗ್. ಮೇಲಿನ ಅಪ್ಪರ್‌ನಲ್ಲಿ ನಳಿಗೆ, ಬೋಲ್ಟ್, ಬೋಲ್ಟ್ ಹೊತ್ತು ಓಡಾಡೋ ಕ್ಯಾರಿಯರ್. ನಡುವೆ ಎರಡೇ ಪಿನ್. ಅಮೆರಿಕ ಸೇನೆಯ ಎಂ16ರ ಅಳತೆ ಎಲ್ಲರಿಗೂ ಮಾದರಿ ಆಗಿದ್ದರಿಂದ ಒಂದು ಕಂಪನಿಯ ಅಪ್ಪರ್ ಇನ್ನೊಂದರ ಲೋವರ್ ಮೇಲೆ ಸಾಮಾನ್ಯವಾಗಿ ಕೂರುತ್ತೆ. ಇದರ ದೊಡ್ಡಣ್ಣ ಎಆರ್-10ಕ್ಕೆ ಆ ಭಾಗ್ಯ ಇಲ್ಲ. ಅಲ್ಲಿ ಒಂದೇ ಅಳತೆ ಅಂತ ಇಲ್ಲ, ಕೊಳ್ಳೋಕೆ ಮುಂಚೆ ಕೇಳಲೇಬೇಕು.

ಈಗ ಗ್ಯಾಸ್ ವಿಷಯ. ಗುಂಡು ಹಾರಿದಾಗ ನಳಿಗೆಯ ಸಣ್ಣ ತೂತಿನಿಂದ ಬಿಸಿ ಗ್ಯಾಸ್ ಒಂದು ತೆಳು ಕೊಳವೆಯಲ್ಲಿ ಹಿಂದಕ್ಕೆ ಬಂದು ಕ್ಯಾರಿಯರ್ ಒಳಗೇ ನುಗ್ಗುತ್ತೆ. ಇದನ್ನ 'ಡೈರೆಕ್ಟ್ ಇಂಪಿಂಜ್‌ಮೆಂಟ್' ಅಂತ ಎಲ್ಲರೂ ಕರೀತಾರೆ, ನನಗೆ ಆ ಹೆಸರು ಸರಿ ಅನ್ಸಲ್ಲ. ಯಾಕಂದ್ರೆ ಸ್ಟೋನರ್ ವಿನ್ಯಾಸದಲ್ಲಿ ಬೋಲ್ಟೇ ಪಿಸ್ಟನ್, ಕ್ಯಾರಿಯರೇ ಸಿಲಿಂಡರ್. ತಳ್ಳು ನೇರ ಗೆರೆಯಲ್ಲಿ ಬೀಳುತ್ತೆ. ಪಿಸ್ಟನ್ ಮಾದರಿಯಲ್ಲಿ ಗ್ಯಾಸ್ ಮುಂದೆಯೇ ನಿಲ್ಲುತ್ತೆ, ಒಂದು ಸರಳು ಹಿಂದಕ್ಕೆ ಬಂದು ಕ್ಯಾರಿಯರ್ ತಲೆಗೆ ಗುದ್ದುತ್ತೆ. ಮಸಿ, ಕಾವು ಒಳಗೆ ಕಡಿಮೆ, ಮುಂಭಾರ ಜಾಸ್ತಿ. ನಾರ್ವೆ, ಫ್ರಾನ್ಸ್ ಸೇನೆಗಳ ಎಚ್‌ಕೆ416 ಈ ಜಾತಿ.

ತೊಡಕು ಇರೋದು ಆ ಗುದ್ದಿನಲ್ಲಿ. ಸರಳು ಮಧ್ಯರೇಖೆಗಿಂತ ಮೇಲೆ ಹೊಡೆಯೋದ್ರಿಂದ ಕ್ಯಾರಿಯರ್ ಬಾಲ ಕೆಳಕ್ಕೆ ವಾಲಿ, ಬಫರ್ ಕೊಳವೆಯ ಬಾಯಿಯನ್ನ ಕೆರೆಯುತ್ತೆ. ಗಮನಿಸಿ, ಆ ಕೊಳವೆ ಇರೋದು ಲೋವರ್‌ನಲ್ಲಿ! ನೀವು ಬದಲಿಸಿದ್ದು ಅಪ್ಪರ್, ಸವೆಯೋದು ಲೋವರ್. ಒಂದು ಕಂಪನಿಯ ಮಿಕ್ಸಿ ಮೇಲೆ ಇನ್ನೊಂದರ ಜಾರ್ ಕೂರಿಸಿದ ಹಾಗೆ: ಕೂರುತ್ತೆ, ತಿರುಗುತ್ತೆ, ಕೆಲವು ತಿಂಗಳಲ್ಲಿ ಕೆಳಗಿನ ಕಪ್ಲರ್ ಹಲ್ಲು ಉದುರುತ್ತೆ. ಇದಕ್ಕೇ ಪಿಸ್ಟನ್ ತಯಾರಕರು ಕ್ಯಾರಿಯರ್ ಬಾಲಕ್ಕೆ ಜಾರುಪಟ್ಟಿ ತರಹದ ಆಕಾರ ಕೊಡೋದು. ಕೊಳ್ಳುವಾಗ ಮೊದಲು ನೋಡಬೇಕಾದ್ದು ಅದು; ಹಾಕಿ ಸ್ವಲ್ಪ ಬಳಸಿದ ಮೇಲೆ ಕೊಳವೆಯ ಬಾಯಿಯ ಕೆಳಗಿನ ಅಂಚನ್ನೂ ನೋಡಬೇಕು.

ಬಫರ್ ತೂಕವೂ ಹಾಗೇ. ಕ್ಯಾರಿಯರ್ ಎಷ್ಟು ಬೇಗ ಹಿಂದೆ ಹೋಗಿ ಬರಬೇಕು ಅನ್ನೋದರಲ್ಲಿ ಲೋವರ್‌ನ ಬಫರ್, ಸ್ಪ್ರಿಂಗ್‌ಗೂ ಪಾಲಿದೆ. ಹಗುರಾದ್ರೆ ಬೋಲ್ಟ್ ಅವಸರದಲ್ಲಿ ತೆರೆಯುತ್ತೆ, ಭಾರವಾದ್ರೆ ಹಿಂದಕ್ಕೆ ಪೂರ್ತಿ ಬರದೆ ಸಿಕ್ಕಿಕೊಳ್ಳುತ್ತೆ. ಅಪ್ಪರ್ ತಯಾರಕರು ಯಾವ ಬಫರ್ ಹೇಳಿದ್ದಾರೋ ಅದನ್ನೇ ಹಾಕಬೇಕು. ಕ್ಯಾರಿಯರ್ ಅಂತೂ ಅಪ್ಪರ್ ಜೊತೆ ಜೋಡಿಯಾಗಿಯೇ ಬರಬೇಕು. ಗ್ಯಾಸ್‌ನದಕ್ಕೆ ತಲೆ ಮೇಲೆ ಟೊಳ್ಳು ಮೂತಿ, ಪಿಸ್ಟನ್‌ನದಕ್ಕೆ ಗಟ್ಟಿ ಗುಬಟು.

ಇವೆಲ್ಲ ಸವೆತದ ಮಾತು. ಜೀವಕ್ಕೆ ಕುತ್ತು ಬರೋದು ಬೇರೆ ಕಡೆ. .300 ಬ್ಲ್ಯಾಕೌಟ್ ಅಪ್ಪರ್ ಇಟ್ಟುಕೊಂಡಿರೋರು ಕೂಡ 5.56ರ ಅದೇ ಮ್ಯಾಗಜೀನ್, ಅದೇ ಬೋಲ್ಟ್ ಬಳಸ್ತಾರೆ. ಆ ಗುಂಡು ಅಪ್ಪಿತಪ್ಪಿ 5.56 ನಳಿಗೆಗೆ ಹೋದ್ರೆ ರೈಫಲ್ ಸಿಡಿಯಬಹುದು. ಮ್ಯಾಗಜೀನ್ ಮೇಲೆ ಬಣ್ಣದ ಪಟ್ಟಿ ಅಂಟಿಸಿ, ಬೇರೆ ಚೀಲದಲ್ಲಿಡಿ.

ಇನ್ನು ಕಾನೂನು. ಅಮೆರಿಕದ ಫೆಡರಲ್ ಲೆಕ್ಕದಲ್ಲಿ ಸೀರಿಯಲ್ ನಂಬರ್ ಇರೋ ಲೋವರ್ರೇ 'ಬಂದೂಕು', ಅಪ್ಪರ್ ಬರೀ ಬಿಡಿಭಾಗ. ಆದ್ರೆ ರೈಫಲ್‌ಗೆ 16 ಇಂಚಿಗಿಂತ ಗಿಡ್ಡ ನಳಿಗೆಯ ಅಪ್ಪರ್ ಹಾಕಿದ ಕ್ಷಣ ಅದು ಇನ್ನೊಂದು ವರ್ಗ. ಮೊದಲೇ ನೋಂದಣಿ ಬೇಕು. ನಮ್ಮಲ್ಲಿ 1959ರ ಆಯುಧ ಕಾಯ್ದೆ ಬಿಡಿಭಾಗವನ್ನೂ ಆಯುಧ ಅಂತಲೇ ಹೇಳುತ್ತೆ. ರಜೆಗೆ ಬರುವಾಗ 'ಬರೀ ಲೋಹದ ತುಂಡು' ಅಂತ ಸೂಟ್‌ಕೇಸಿಗೆ ಹಾಕ್ಕೊಂಡು ಬರಬೇಡಿ.

ಕೊನೆಯದು ಆನ್‌ಸೈಟ್ ಹೋಗಿರೋ ನಮ್ಮವರಿಗೆ. ಎಚ್-1ಬಿ, ಎಲ್-1 ತರಹದ ವೀಸಾದಲ್ಲಿರೋರು ಬಂದೂಕಷ್ಟೇ ಅಲ್ಲ, ಗುಂಡನ್ನೂ ಹೊಂದುವ ಹಾಗಿಲ್ಲ. ಮುಖ್ಯ ವಿನಾಯಿತಿ ಅಂದ್ರೆ ಅಲ್ಲಿನ ಯಾವುದಾದ್ರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್. ಸಹೋದ್ಯೋಗಿ ರೇಂಜಿಗೆ ಕರೆದುಕೊಂಡು ಹೋಗಿ 'ಹಿಡೀರಿ ಇದನ್ನ' ಅಂತ ಕೈಗೆ ಕೊಟ್ಟಾಗಲೂ ಇದೇ ನಿಯಮ. ಗ್ರೀನ್ ಕಾರ್ಡ್ ಇರೋರ ಲೆಕ್ಕ ಬೇರೆ. ಪ್ರಶ್ನೆ ಕಳಿಸಿದ ಗೆಳೆಯರೇ, ಅಪ್ಪರ್ ಆರ್ಡರ್ ಮಾಡೋಕೆ ಮುಂಚೆ ನಿಮ್ಮ ವೀಸಾ ಯಾವುದು ಅಂತ ಒಮ್ಮೆ ನೋಡ್ಕೊಳ್ಳಿ.