ಸಾಲೆಷ್ಟು, ಕಂಬವೆಷ್ಟು?



ಕನ್ನಡ ಅಧ್ಯಾಪಕನಿಗೆ ‘ಮಾತೃಕೆ’ ಎಂದೊಡನೆ ನೆನಪಾಗುವುದು ಓಲೆಗರಿಯ ಮೂಲಪ್ರತಿ. ಗಣಿತಜ್ಞರಿಗಾದರೋ ಅದೇ ಮಾತು, ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿದ ಅಂಕಿಗಳ ಚೌಕಟ್ಟು. ಈ ಎರಡು ಅರ್ಥಗಳೂ ಒಂದೆಡೆ ಕೂಡುವ ಗ್ರಂಥವೊಂದು ನಮ್ಮಲ್ಲಿದೆ. ಅದು ಕುಮುದೇಂದು ಮುನಿಯ ‘ಸಿರಿಭೂವಲಯ’. ಅದರ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅಚ್ಚಿನ ಬೆಳಕು ಕಂಡದ್ದು 1953ರಲ್ಲಿ. ಅಲ್ಲಿ ಅಕ್ಷರಗಳ ಸ್ಥಾನದಲ್ಲಿ 1ರಿಂದ 64ರವರೆಗಿನ ಅಂಕಿಗಳಿವೆ. ಒಂದೊಂದು ಅಂಕಿಗೂ ಒಂದೊಂದು ಧ್ವನಿ. ಪ್ರತಿ ಚಕ್ರದಲ್ಲಿಯೂ 27 ಅಡ್ಡಸಾಲು, 27 ಕಂಬಸಾಲು, ಒಟ್ಟು 729 ಮನೆ. ‘ಬಂಧ’ವೆಂಬ ನಿಯತ ಹಾದಿಯಲ್ಲಿ ಮನೆಯಿಂದ ಮನೆಗೆ ನಡೆದರೆ ಮಾತ್ರ ಪದ್ಯ ದೊರೆಯುತ್ತದೆ.

ಇಂಜಿನಿಯರಿಂಗ್ ಓದುವ ನನ್ನ ಮೊಮ್ಮಗಳು ಬೇಸಿಗೆಯ ರಜೆಗೆ ರಾಮಾಪುರಕ್ಕೆ ಬಂದಿದ್ದಳು. ನಾನು ಬರೆದಿಟ್ಟುಕೊಂಡಿದ್ದ ಚಕ್ರವೊಂದನ್ನು ಕಂಪ್ಯೂಟರಿಗೆ ಓದಿಸಿ ನೋಡೋಣವೆಂದಳು. ಜಗಲಿಯ ಮೇಲೆ ಕುಳಿತು ನಾನು ಅಂಕಿಗಳನ್ನು ಹೇಳುತ್ತ ಹೋದೆ. ಸಾಲು ಮುಗಿದುದನ್ನು ಮಾತ್ರ ಹೇಳಲಿಲ್ಲ. ಕೊನೆಗೆ ಅವಳು, “ಸಾಲೆಷ್ಟು, ಕಂಬವೆಷ್ಟು ತಾತ?” ಎಂದಳು. “ಎಲ್ಲವನ್ನೂ ಹೇಳಿದ್ದೇನಲ್ಲಮ್ಮ, ಎಣಿಸಿಕೊ” ಎಂದು ನಾನು ಕಾಫಿಗೆ ಎದ್ದೆ.

ಎಣಿಸಿದರೆ 728. ಹೆಚ್ಚುಕಡಮೆ ಚೌಕವಾಗುವಂತೆ ಅವಳು ಅದನ್ನು 26 ಸಾಲು, 28 ಕಂಬವಾಗಿ ಜೋಡಿಸಿದಳು. ಪೈಥಾನ್ ಭಾಷೆಯ ನಂಪೈ ಎಂಬ ಸಲಕರಣೆಯಲ್ಲಿ ‘ಶೇಪ್’ ಎಂದು ಕೇಳಿದರೆ ಮಾತೃಕೆಯ ಅಳತೆ ತಿಳಿಯುತ್ತದೆ. ಕೇಳಿದಳು, 26, 28 ಎಂದಿತು. ಯಂತ್ರದಿಂದ ಒಂದು ಆಕ್ಷೇಪಣೆಯೂ ಇಲ್ಲ. ಆದರೆ ಓದಿದರೆ ಪದ್ಯವಿಲ್ಲ, ಬರಿಯ ಗೊಂದಲ. ನಾನು ಯಂತ್ರವನ್ನು ಹಳಿದೆ.

ಆಮೇಲೆ ಹೊಳೆಯಿತು: 27ನ್ನು 27ರಿಂದ ಗುಣಿಸಿದರೆ 729; ಅದರಲ್ಲೊಂದು ಕಳೆದರೆ 26ನ್ನು 28ರಿಂದ ಗುಣಿಸಿದಷ್ಟೇ. ನಾನು ಹೇಳುವಾಗ ಒಂದೇ ಒಂದು ಅಂಕಿಯನ್ನು ಬಿಟ್ಟಿದ್ದೆ! ಲಿಪಿಕಾರರ ತಪ್ಪುಗಳನ್ನು ಎಣಿಸಿ ಪಾಠ ಹೇಳುತ್ತಲೇ ವೃತ್ತಿ ಕಳೆದವನು ನಾನು.

ಮೊಮ್ಮಗಳು ವಿವರಿಸಿದಳು: ಕಂಪ್ಯೂಟರಿನ ನೆನಪಿನಲ್ಲಿ ಅಂಕಿಗಳೆಲ್ಲ ಸಾಮಾನ್ಯವಾಗಿ ಒಂದೇ ಸಾಲಾಗಿ ನಿಂತಿರುತ್ತವೆ, ಅವುಗಳ ಆಕಾರ ಬೇರೆಯಾಗಿ ಬರೆದಿಟ್ಟ ಮಾತು. 12 ಅಂಕಿಗಳು 3 ಸಾಲು 4 ಕಂಬವೂ ಆಗಬಹುದು, 2 ಸಾಲು 6 ಕಂಬವೂ ಆಗಬಹುದು. ‘27 ಸಾಲು ಮಾಡು’ ಎಂದಿದ್ದರೆ 728 ಅಂಕಿಗಳು ಸಮನಾಗಿ ಹಂಚಿಹೋಗದೆ ಯಂತ್ರವೇ ತಡೆಯುತ್ತಿತ್ತು. ಪೈಥಾನಿನ ಸಾಧಾರಣ ಪಟ್ಟಿಯಲ್ಲಾದರೆ ಹೊರಗಿನ ಪಟ್ಟಿಯ ಉದ್ದವೇ ಸಾಲುಗಳ ಸಂಖ್ಯೆ, ಒಳಗಿನ ಪಟ್ಟಿಯ ಉದ್ದವೇ ಕಂಬಗಳ ಸಂಖ್ಯೆ. ಆದರೆ ಮೊದಲನೆಯ ಸಾಲನ್ನು ಮಾತ್ರ ಅಳೆದು ಉಳಿದವೂ ಹಾಗೆಯೇ ಎಂದು ನಂಬಿದರೆ, ನಡುವಿನ ಸಾಲಿನಲ್ಲಿ ತಪ್ಪಿಹೋದ ಮನೆ ಕಾಣಿಸದು. ಪ್ರತಿ ಸಾಲನ್ನೂ ಎಣಿಸಬೇಕು.

ಮರುದಿನ ಬೆಳಗ್ಗೆ ಸಾಲುಸಾಲಾಗಿ ಎಣಿಸುತ್ತ ಮತ್ತೆ ಹೇಳಿದೆ. ಹದಿನಾಲ್ಕನೆಯ ಸಾಲಿನಲ್ಲಿ ಅವಳು ಕೈಯೆತ್ತಿದಳು. ಬಿಟ್ಟಿದ್ದ ಅಂಕಿ ಸಿಕ್ಕಿತು. ಮೊತ್ತ ಸರಿಯಿದ್ದ ಮಾತ್ರಕ್ಕೆ ಆಕಾರ ಸರಿಯಿರಬೇಕೆಂದಿಲ್ಲ. ಆಕಾರ ಒಪ್ಪಿದ ಮಾತ್ರಕ್ಕೆ ಅದೇ ಮೂಲವೆನ್ನುವಂತೆಯೂ ಇಲ್ಲ. ಈಗ ನನ್ನ ನೋಟುಬುಕ್ಕಿನ ಪ್ರತಿ ಸಾಲಿನ ಅಂಚಿನಲ್ಲೂ 27 ಎಂದು ಬರೆದಿಟ್ಟಿದ್ದೇನೆ, ಎಣಿಸಿದ ಮೇಲೆ.