ತೆರ್ಮೆಯ ಚಿಗುರು, ಗರಗಸ ಮೀನಿನ ಮರಿ



ಮಳೆ ಹಿಡಿಯಿತೆಂದರೆ ಕೊಡಗಿನ ತೊರೆಯಂಚುಗಳಲ್ಲಿ ತೆರ್ಮೆ ತೊಪ್ಪು ಚಿಗುರುತ್ತದೆ. ಅದೊಂದು ಜರೀಗಿಡ. ಸುರುಳಿ ಬಿಚ್ಚುವ ಮೊದಲೇ ಎಳೆಯ ಕುಡಿಗಳನ್ನು ಚಿವುಟಿ ತಂದು ಪಲ್ಯ ಮಾಡುತ್ತಾರೆ. ಬುಡ ಉಳಿದರೆ ಸಾಕು, ಮತ್ತೆ ಚಿಗುರು. ಬಲಿತ ಎಲೆಯ ಅಡಿಯಲ್ಲಿ ಕಂದು ಗೆರೆಗಳಾಗಿ ಕೂತಿರುವ ಬೀಜಾಣುಗಳಂತೂ ಲಕ್ಷಗಟ್ಟಲೆ. ಗಾಳಿ ಒಯ್ದಲ್ಲಿ ಬೀಳುತ್ತವೆ, ಬಹುಪಾಲು ಹಾಳಾಗುತ್ತವೆ. ಎಲ್ಲೋ ಒಂದೆರಡಕ್ಕೆ ನೆರಳೂ ತೇವವೂ ಸಿಕ್ಕರೆ ಸಂತತಿ ಮುಂದುವರಿಯುತ್ತದೆ. 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳು ಅಳಿದ ಕಾಲದ ಕಲ್ಲಿನ ಪದರಗಳಲ್ಲಿ, ಆ ಉತ್ಪಾತದ ಬೆನ್ನಿಗೇ, ಹಲವೆಡೆ ಜರೀಗಿಡಗಳ ಬೀಜಾಣುಗಳೇ ತುಂಬಿವೆ. ಹಾಳಾದ ನೆಲಕ್ಕೆ ಮೊದಲು ಮರಳಿದ ಹಸಿರು ಅದು.

ಘಟ್ಟ ಇಳಿದು ಕಡಲಿಗೆ ಬರೋಣ. 2021ರ ಮಾರ್ಚ್‌ನಲ್ಲಿ ಮಲ್ಪೆಯ ದೋಣಿಯೊಂದರ ಬಲೆಗೆ ಸುಮಾರು ಹತ್ತು ಅಡಿಯ ಗರಗಸ ಮೀನು ಬಿದ್ದಿತ್ತು. ನೋಡಲು ಶಾರ್ಕ್‌ನಂತಿದ್ದರೂ ಇದು ಕರಾವಳಿಯವರು ತೊರಕೆ ಎನ್ನುವ ಮೀನಿನ ಬಳಗದ್ದು. ಕಿವಿರಿನ ಸೀಳುಗಳು ಹೊಟ್ಟೆಯ ಕಡೆಗಿರುತ್ತವೆ. ಬೇಟೆಯ ಮೈಯಿಂದ ಹೊಮ್ಮುವ ನಸು ವಿದ್ಯುತ್ತನ್ನು ರಾಡಿ ನೀರಿನಲ್ಲೂ ಗುರುತಿಸುವ ಶಕ್ತಿ ಅದರ ಗರಗಸಕ್ಕಿದೆ. ಬಲೆಗೆ ಮೊದಲು ಸಿಕ್ಕಿಕೊಳ್ಳುವುದೂ ಅದೇ ಗರಗಸ. ಈ ಮೀನು ಮೊಟ್ಟೆ ಇಡುವುದಿಲ್ಲ. ತಿಂಗಳುಗಟ್ಟಲೆ ಹೊತ್ತು ಕೆಲವೇ ಮರಿಗಳನ್ನು ಹೆರುತ್ತದೆ. ಹೆರುವಾಗ ತಾಯಿಗೆ ಗಾಯವಾಗದಿರಲೆಂದು ಮರಿಯ ಗರಗಸಕ್ಕೆ ಮೆತ್ತನೆಯ ಪೊರೆಯೊಂದು ಹೊದಿಕೆಯಾಗಿರುತ್ತದೆ, ಎಂಥ ಜೋಪಾನ! ಆ ಮರಿ ಪ್ರಾಯಕ್ಕೆ ಬರಲು ವರ್ಷಗಳೇ ಬೇಕು. ಅಷ್ಟರೊಳಗೆ ಎಷ್ಟು ಬಲೆಗಳು! ಇಂದು ಜಗತ್ತಿನ ಐದೂ ಬಗೆಯ ಗರಗಸ ಮೀನುಗಳು ಅಳಿವಿನ ಅಂಚಿಗೆ ಬಂದು ನಿಂತಿವೆ.

ಅದರ ಬಾಳಿನ ಕ್ರಮದಲ್ಲಿ ತಪ್ಪೇನೂ ಇಲ್ಲ. ನಮ್ಮ ಬಲೆಗಳು ಬರುವವರೆಗೆ, ಕೋಟ್ಯಂತರ ವರ್ಷ, ಅದಕ್ಕೆ ಅಷ್ಟು ಮರಿಗಳೇ ಸಾಕಾಗಿದ್ದವು. ಪ್ರಕೃತಿ ತಾನಾಗಿಯೇ ಚೇತರಿಸಿಕೊಳ್ಳುತ್ತದೆ ಎನ್ನುತ್ತೇವಲ್ಲ, ಆ ಮಾತು ತೆರ್ಮೆಗೆ ಸರಿ. ಗರಗಸ ಮೀನಿನ ವಿಷಯದಲ್ಲಿ ಹಾಗೆಂದರೆ ಕೈತೊಳೆದುಕೊಂಡಂತೆಯೇ.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆಗೇ ಇದರ ಹೆಸರೂ ಇದೆ. ಆದರೆ ಮೀನುಗಾರರು ಇದನ್ನು ಬೇಕೆಂದು ಹಿಡಿಯುವುದಿಲ್ಲ, ಬೇರೆ ಮೀನಿಗೆ ಬೀಸಿದ ಬಲೆಯಲ್ಲಿ ಇದು ಬರುತ್ತದೆ. ಬಲೆ ಕತ್ತರಿಸಿದರೆ ನಷ್ಟ ಅವರದು. ಗುಜರಾತಿನ ಕರಾವಳಿಯಲ್ಲಿ ಇಂಥ ನಷ್ಟಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ತಿಮಿಂಗಿಲ ಶಾರ್ಕ್ ಸಿಕ್ಕಾಗ ಅಲ್ಲಿನ ಮೀನುಗಾರರು ಬಲೆ ಕತ್ತರಿಸಿ ಬಿಟ್ಟುಬಿಡುತ್ತಾರೆ, ಸರ್ಕಾರ ಬಲೆಯ ಪರಿಹಾರ ಕೊಡುತ್ತದೆ.

ಕಡಲಿಗಿಳಿಯುವ ಬಂಧುಗಳೇ, ಗರಗಸ ಮೀನು ಜೀವಂತ ಸಿಕ್ಕರೆ ದಯವಿಟ್ಟು ಬಲೆ ಕತ್ತರಿಸಿಯಾದರೂ ನೀರಿಗೆ ಬಿಟ್ಟುಬಿಡಿ. ಹಾಗೆ ಕತ್ತರಿಸಿದ ಬಲೆಯ ಬೆಲೆ ನಿಮಗೆ ತಪ್ಪದೆ ಸಿಗಲಿ ಎಂದು ದಡದಲ್ಲಿರುವ ನಾವೆಲ್ಲ ದನಿಯೆತ್ತಬೇಕು.